ಸಂಪರ್ಕ ರದ್ದತಿಯ ಕೋರಿಕೆಯನ್ನು ಕಡೆಗಣಿಸಿ ಹಣ ಕಡಿತ ಮುಂದುವರಿಸಿರುವ ಬಗ್ಗೆ ಡಿಟಿಎಚ್ ಸಂಸ್ಥೆಗೆ ದೂರು

ಇಂದ,
ತಮ್ಮ ಸಂಸ್ಥೆಯ ಚಂದಾದಾರರು,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ಇವರಿಗೆ,
ಕರ್ನಾಟಕದ ನೋಡಲ್ ಅಧಿಕಾರಿಗಳು,
ಗ್ರಾಹಕ ದೂರು ವಿಭಾಗ.

ವಿಷಯ: ಡಿಟಿಎಚ್ ಸಂಪರ್ಕವನ್ನು ರದ್ದುಪಡಿಸಲು ಕೋರಿದ ನಂತರವೂ ಹಣ ಕಡಿತ ಮಾಡಿರುವುದು, ಒಪ್ಪಿಗೆಯಿಲ್ಲದೆ ಪ್ಯಾಕ್ ಮತ್ತೆ ಆರಂಭಿಸಿರುವುದು ಮತ್ತು ಉಳಿದ ಹಣವನ್ನು ಹಿಂದಿರುಗಿಸಲು ನಿರಾಕರಿಸಿರುವುದರ ಕುರಿತು.

ಮಾನ್ಯರೇ,

ನಾನು 2014ರಿಂದ ತಮ್ಮ ಸಂಸ್ಥೆಯ ಚಂದಾದಾರಳು. ನಮ್ಮ ಊರಿಗೆ ಕೇಬಲ್ ಬಾರದಿದ್ದ ಕಾಲದಲ್ಲಿ ತಮ್ಮ ಡಿಶ್ ನಮ್ಮ ಮನೆಯ ತಾರಸಿಯ ಮೇಲೆ ಬಂತು. ಅಂದಿನಿಂದ ಒಂದು ತಿಂಗಳೂ ಬಾಕಿ ಉಳಿಸಿಕೊಳ್ಳದೆ ಹಣ ಕಟ್ಟಿದ್ದೇವೆ. ಒಂದೇ ಖಾತೆಯಲ್ಲಿ ಎರಡು ಬಾಕ್ಸ್‌ಗಳಿದ್ದವು, ಒಂದು ನಡುಮನೆಯಲ್ಲಿ, ಇನ್ನೊಂದು ನಮ್ಮ ತಾಯಿಯವರ ಕೋಣೆಯಲ್ಲಿ. ಈ ಖಾತೆಯನ್ನು ಮುಚ್ಚಿಕೊಡಿ ಎಂದು ನಾನು ಜೂನ್ 2ರಂದು ಸಹಾಯವಾಣಿಯ ಮೂಲಕವೂ ಇಮೇಲ್ ಮೂಲಕವೂ ಕೋರಿದ್ದೆ. ಈ ಪತ್ರ ಬರೆಯುವ ಹೊತ್ತಿಗೂ ಆ ಕೆಲಸ ಆಗಿಲ್ಲ. ಖಾತೆ ಮುಚ್ಚುವ ಬದಲು ತಮ್ಮ ಸಂಸ್ಥೆ ಏನೇನು ಮಾಡಿದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಸಂಪರ್ಕ ಬೇಡವೆಂದು ನಾವು ನಿರ್ಧರಿಸಿದ ಕಾರಣವನ್ನು ಮೊದಲು ಹೇಳಬೇಕು, ಏಕೆಂದರೆ ಫೋನ್ ಮಾಡಿದಾಗಲೆಲ್ಲ ತಮ್ಮ ಸಿಬ್ಬಂದಿ ಅದನ್ನೇ ಕೇಳುತ್ತಾರೆ ಮತ್ತು ಉತ್ತರವನ್ನು ಬರೆದುಕೊಂಡಂತೆ ಕಾಣುವುದಿಲ್ಲ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಜಾರಿಗೆ ಬಂದಾಗ, ನೋಡುವ ಚಾನೆಲ್‌ಗೆ ಮಾತ್ರ ಹಣ ಕೊಟ್ಟರೆ ಸಾಕು ಎಂಬ ಭರವಸೆ ನಮ್ಮಂಥವರಿಗೆ ಸಿಕ್ಕಿತ್ತು. ಆಗ ಚಾನೆಲ್‌ಗಳ ಬೆಲೆಯಲ್ಲದೆ ಸಂಪರ್ಕಕ್ಕೆಂದೇ ತಿಂಗಳಿಗೆ ಕೊಡುವ ನೆಟ್‌ವರ್ಕ್ ಶುಲ್ಕಕ್ಕೆ 130 ರೂಪಾಯಿಯ ಮಿತಿಯಿತ್ತು, ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ಮುಂದಿನ ವರ್ಷ, ಎರಡನೇ ಟಿವಿಗೆ ಈ ಶುಲ್ಕದ ಶೇ 40ಕ್ಕಿಂತ ಹೆಚ್ಚು ಕೇಳಬಾರದೆಂಬ ನಿಯಮವೂ ಸೇರಿತು. 2024ರ ಜುಲೈನಲ್ಲಿ ನೆಟ್‌ವರ್ಕ್ ಶುಲ್ಕದ ಮೇಲಿನ ಮಿತಿಯನ್ನು ಟ್ರಾಯ್ ತೆಗೆದುಹಾಕಿ, ದರ ನಿಗದಿಯನ್ನು ತಮ್ಮಂಥ ಸಂಸ್ಥೆಗಳಿಗೇ ಬಿಟ್ಟಿತು. ಅದು ಕಾನೂನುಬದ್ಧ ಬದಲಾವಣೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಮನೆಯಲ್ಲಿ ನಿಜವಾಗಿ ನೋಡುತ್ತಿದ್ದುದು ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಚಂದನ, ಎರಡು ಸುದ್ದಿ ವಾಹಿನಿಗಳು ಮತ್ತು ಪಂದ್ಯಗಳಿದ್ದಾಗ ಒಂದು ಕ್ರೀಡಾ ವಾಹಿನಿ ಮಾತ್ರ. ಇವನ್ನು ಬಿಡಿಬಿಡಿಯಾಗಿ ಆರಿಸಿದರೆ ಒಟ್ಟು ಮೊತ್ತ ಪ್ಯಾಕ್‌ನ ಹತ್ತಿರ ಹತ್ತಿರವೇ ಬರುತ್ತಿತ್ತು. ಪ್ಯಾಕ್ ತೆಗೆದುಕೊಂಡರೆ ನಾವೆಂದೂ ತೆರೆಯದ ವಾಹಿನಿಗಳ ಸಾಲೇ ಜೊತೆಗೆ ಬರುತ್ತಿತ್ತು. ಹೀಗೆ ಎರಡು ಟಿವಿಗಳಿಗೆ ಸೇರಿ ತಿಂಗಳಿಗೆ 612 ರೂಪಾಯಿ ಹೋಗುತ್ತಿತ್ತು.

ಇನ್ನೊಂದು ಕಾರಣ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಡಿಟಿಎಚ್ ಸಂಕೇತಗಳು ಬರುವ ಕೆಯು ಬ್ಯಾಂಡ್‌ನ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ ಎಂಬುದು ನನಗೆ ತಿಳಿದಿದೆ, ಮಳೆಗೆ ತಮ್ಮನ್ನು ಹೊಣೆ ಮಾಡುತ್ತಿಲ್ಲ. ಆದರೂ ಸಂಜೆಯ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ‘ಸಿಗ್ನಲ್ ಲಭ್ಯವಿಲ್ಲ’ ಎಂಬ ಸಾಲು ಬಂದು ಕೂರುತ್ತಿದ್ದ ಆ ಮೂರು ತಿಂಗಳಿಗೂ ಬೇಸಿಗೆಯಷ್ಟೇ ಹಣ ಕಟ್ಟಿದ್ದೇವೆ.

ಕಳೆದ ವರ್ಷ ಸ್ಥಳೀಯ ಕೇಬಲ್‌ನವರು ವಿದ್ಯುತ್ ಕಂಬಗಳ ಮೇಲೆ ಫೈಬರ್ ಎಳೆದು ನಮ್ಮ ಕೇರಿಗೂ ಬ್ರಾಡ್‌ಬ್ಯಾಂಡ್ ಕೊಟ್ಟರು. ಮಗಳ ಆನ್‌ಲೈನ್ ತರಗತಿಗೂ ನನ್ನ ಕೆಲಸಕ್ಕೂ ಅದು ಹೇಗೂ ಬೇಕಾಗಿತ್ತು. ಅದೇ ಸಂಪರ್ಕದಲ್ಲಿ ಟಿವಿಯೂ ನಡೆಯತೊಡಗಿತು. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ಧಾರಾವಾಹಿಗಳು ಜಿಯೋಹಾಟ್‌ಸ್ಟಾರ್‌ನಲ್ಲಿ ಸಿಗುತ್ತವೆ, ಜೀ ಕನ್ನಡದವು ಜೀ5ನಲ್ಲಿ, ಉದಯ ವಾಹಿನಿಯವು ಸನ್ ನೆಕ್ಸ್ಟ್‌ನಲ್ಲಿ. ಕನ್ನಡ ಸುದ್ದಿ ವಾಹಿನಿಗಳ ನೇರ ಪ್ರಸಾರ ಯೂಟ್ಯೂಬ್‌ನಲ್ಲಿ ಉಚಿತ. ದೂರದರ್ಶನದ ವಾಹಿನಿಗಳಿಗೆ ಪ್ರಸಾರ ಭಾರತಿಯೇ 2024ರ ನವೆಂಬರ್‌ನಲ್ಲಿ ವೇವ್ಸ್ ಎಂಬ ಆ್ಯಪ್ ಆರಂಭಿಸಿದೆ. ಇವೆಲ್ಲಕ್ಕೂ ಒಟ್ಟಿಗೆ ಚಂದಾ ಕಟ್ಟಿದರೆ ಅದೂ ಅಗ್ಗವಲ್ಲ, ಕರೆಂಟು ಹೋದರೆ ಫೈಬರ್ ಕೂಡ ನಿಲ್ಲುತ್ತದೆ, ಅದಕ್ಕಾಗಿ ರೌಟರಿಗೆ ಚಿಕ್ಕದೊಂದು ಯುಪಿಎಸ್ ಇಟ್ಟುಕೊಂಡಿದ್ದೇವೆ. ಆದರೆ ನಾವು ಎಲ್ಲಕ್ಕೂ ಒಟ್ಟಿಗೆ ಕಟ್ಟುವುದಿಲ್ಲ. ಐಪಿಎಲ್ ನಡೆಯುವಾಗ ಒಂದು, ಅದು ಮುಗಿದ ಮೇಲೆ ಇನ್ನೊಂದು. ಬೇಡವೆನಿಸಿದಾಗ ಆ್ಯಪ್‌ನಲ್ಲಿಯೇ ರದ್ದು ಮಾಡುತ್ತೇವೆ, ಕಟ್ಟಿದ ಅವಧಿ ಮುಗಿಯುವವರೆಗೆ ಅದು ನಡೆದು ತಾನಾಗಿ ನಿಲ್ಲುತ್ತದೆ, ಏಕೆ ಬಿಡುತ್ತೀರಿ ಎಂದು ಯಾರೂ ಫೋನ್ ಮಾಡುವುದಿಲ್ಲ.

ಹೊಸ ವ್ಯವಸ್ಥೆ ತಾಯಿಯವರಿಗೆ ಒಗ್ಗುವುದೋ ಇಲ್ಲವೋ ಎಂಬ ಅನುಮಾನ ನಮಗಿತ್ತು. ಅವರಿಗೆ ಎಪ್ಪತ್ತು ದಾಟಿದೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ರಿಮೋಟಿನ ಸಣ್ಣ ಅಕ್ಷರ ಓದಲಾರರು. ಈಗ ರಿಮೋಟಿನ ಮೈಕ್ ಗುಂಡಿಯನ್ನು ಒತ್ತಿ ಧಾರಾವಾಹಿಯ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ, ಅದು ಬರುತ್ತದೆ. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ತಪ್ಪಿಹೋದ ಕಂತನ್ನು ಊಟವಾದ ಮೇಲೆ ನೋಡುತ್ತಾರೆ. ಅವರು ಒಪ್ಪಿದ ಮೇಲೆಯೇ ನಾವು ತಮ್ಮ ಸಂಪರ್ಕ ಬೇಡವೆಂದು ತೀರ್ಮಾನಿಸಿದ್ದು. ಇದು ಆತುರದ ನಿರ್ಧಾರವೂ ಅಲ್ಲ, ಯಾವುದೋ ರಿಯಾಯಿತಿಗಾಗಿ ಮಾಡಿದ ಬೆದರಿಕೆಯೂ ಅಲ್ಲ.

ಇನ್ನು ನನ್ನ ದೂರಿನ ವಿಷಯಕ್ಕೆ ಬರುತ್ತೇನೆ. ತಮ್ಮ ಆ್ಯಪ್‌ನಲ್ಲಿ ಚಾನೆಲ್ ಸೇರಿಸಲು, ಪ್ಯಾಕ್ ಹೆಚ್ಚಿಸಲು, ಇನ್ನೊಂದು ಟಿವಿ ಜೋಡಿಸಲು, ಮನೆ ಬದಲಾದರೆ ಸಂಪರ್ಕ ವರ್ಗಾಯಿಸಲು ಗುಂಡಿಗಳಿವೆ. ಖಾತೆಯನ್ನು ಮುಚ್ಚಲು ಒಂದೂ ಇಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಒಂದೊಂದೇ ಸಂಖ್ಯೆ ಒತ್ತುತ್ತಾ ಹೋಗಬೇಕು, ಆ ಆಯ್ಕೆಗಳಲ್ಲಿಯೂ ರದ್ದತಿ ಎಂಬುದಿಲ್ಲ. ಕೊನೆಗೆ ಸಿಗುವ ಸಿಬ್ಬಂದಿ ನನ್ನ ಕೋರಿಕೆಯನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ರಿಯಾಯಿತಿ ದರದ ಪ್ಯಾಕ್‌ಗಳನ್ನು ಓದತೊಡಗುತ್ತಾರೆ. ನಾನು ಬೇಡವೆಂದು ಸ್ಪಷ್ಟವಾಗಿ ಹೇಳಿದಾಗ ಬಂದ ಉತ್ತರವಿದು: “ಬಾಕ್ಸ್ ಆಫ್ ಮಾಡಿ ಇಟ್ಟುಬಿಡಿ ಮೇಡಂ, ಬ್ಯಾಲೆನ್ಸ್ ಮುಗಿದ ಮೇಲೆ ಅದೇ ನಿಂತುಹೋಗುತ್ತದೆ.” ಪ್ರತಿ ತಿಂಗಳೂ ಬ್ಯಾಂಕಿನಿಂದ ಹಣ ತಾನಾಗಿ ಕಡಿತವಾಗುವ ಆಟೊಪೇ ಚಾಲ್ತಿಯಲ್ಲಿರುವ ಖಾತೆಯಲ್ಲಿ ಬ್ಯಾಲೆನ್ಸ್ ಮುಗಿಯುವುದಾದರೂ ಯಾವಾಗ? ಇದನ್ನು ಕೇಳಿದ್ದಕ್ಕೆ ಅವರು ದೂರು ಸಂಖ್ಯೆಯೊಂದನ್ನು ಕೊಟ್ಟರು. ಮರುದಿನ ಬೆಳಿಗ್ಗೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಖಾತೆ ಮಾತ್ರ ಹಾಗೆಯೇ ಚಾಲ್ತಿಯಲ್ಲಿತ್ತು. ಇಮೇಲ್‌ಗೆ ಬಂದ ಉತ್ತರದಲ್ಲಿ, ಸಹಾಯವಾಣಿಯನ್ನು ಸಂಪರ್ಕಿಸಿ ಎಂದಿತ್ತು.

ಜೂನ್ 5ರಂದು ನನ್ನ ಬ್ಯಾಂಕ್ ಖಾತೆಯಿಂದ 612 ರೂಪಾಯಿ ಕಡಿತವಾಯಿತು. ರದ್ದತಿಯ ಕೋರಿಕೆ ತಮ್ಮ ಕಚೇರಿಯ ದಾಖಲೆಯಲ್ಲಿ ನೋಂದಣಿಯಾದ ನಂತರದ ಕಡಿತವಿದು. ಆ ದಿನವೇ ನಾನು ಯುಪಿಐ ಆ್ಯಪ್‌ನಲ್ಲಿ ಆಟೊಪೇ ಅನುಮತಿಯನ್ನು ಹಿಂತೆಗೆದುಕೊಂಡೆ, ಇಲ್ಲದಿದ್ದರೆ ಮುಂದಿನ ತಿಂಗಳೂ ಹಣ ಹೋಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅನುಮತಿ ಹಿಂತೆಗೆದುಕೊಳ್ಳುವ ದಾರಿ ತಿಳಿಯದ ವಯಸ್ಸಾದವರ ಮನೆಗಳಲ್ಲಿ ಏನಾಗುತ್ತಿರಬಹುದು ಎಂಬುದನ್ನು ತಾವೇ ಯೋಚಿಸಬೇಕು.

ಇದರ ನಂತರ ನಡೆದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿ. ನಾನು ಕರೆಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದಾಗ, ತುರ್ತು ಸಂಪರ್ಕಕ್ಕೆಂದು 2014ರ ಅರ್ಜಿಯಲ್ಲಿ ಬರೆದಿದ್ದ ತಾಯಿಯವರ ಮೊಬೈಲ್ ಸಂಖ್ಯೆಗೆ ತಮ್ಮ ಸಿಬ್ಬಂದಿ ಕರೆ ಮಾಡಿದರು. ಆಗ ನಾನು ಮನೆಯಲ್ಲಿರಲಿಲ್ಲ, ಪಕ್ಕದಲ್ಲಿದ್ದ ನನ್ನ ಮಗಳು ಸ್ಪೀಕರಿನಲ್ಲಿ ಬಂದ ಮಾತನ್ನು ಕೇಳಿಸಿಕೊಂಡಿದ್ದಾಳೆ. ಕೆಲವು ದಿನ ಎಲ್ಲ ಕನ್ನಡ ಚಾನೆಲ್‌ಗಳನ್ನೂ ಉಚಿತವಾಗಿ ಕೊಡುತ್ತೇವೆ, ಆಗಬಹುದೇ ಅಮ್ಮ ಎಂದು ಅತ್ತ ಕಡೆಯವರು ಕೇಳಿದರು. ನಮ್ಮ ತಾಯಿಯವರು ಯಾರೇ ಕರೆ ಮಾಡಿದರೂ ಮುಖ ಮುರಿದಂತೆ ಮಾತಾಡುವವರಲ್ಲ. ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೂ, ಹಾದಿ ತಪ್ಪಿದ ಕೊರಿಯರ್ ಹುಡುಗ ವಿಳಾಸ ಕೇಳಿದರೂ ಅವರ ಉತ್ತರ “ಹ್ಞೂಂ, ಆಯ್ತಪ್ಪ” ಎಂದೇ. ಆ ಎರಡು ಪದಗಳನ್ನು ಒಪ್ಪಿಗೆಯೆಂದು ದಾಖಲಿಸಿ, ಪ್ಯಾಕನ್ನು ಮತ್ತೆ ಆರಂಭಿಸಲಾಗಿದೆ. ಉಚಿತವೆಂದು ಹೇಳಿದ್ದರೂ ಅಂದಿನಿಂದಲೇ ಖಾತೆಯ ಮೊತ್ತದಿಂದ ದಿನದ ಲೆಕ್ಕದಲ್ಲಿ ಹಣ ಕಳೆಯುತ್ತಾ ಬಂದಿರುವುದು ಆ್ಯಪ್‌ನ ವಹಿವಾಟು ಪಟ್ಟಿಯಲ್ಲಿ ಕಾಣುತ್ತದೆ. ವಿಷಯ ತಿಳಿದ ಮೇಲೆ ತಾಯಿಯವರು ತಮ್ಮಿಂದಲೇ ಏನೋ ಅನಾಹುತವಾಯಿತೆಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಖಾತೆ ನನ್ನ ಹೆಸರಿನಲ್ಲಿದೆ. ಖಾತೆದಾರರಲ್ಲದ ವೃದ್ಧರೊಬ್ಬರ ಸೌಜನ್ಯದ ಮಾತನ್ನು ವ್ಯಾಪಾರದ ಒಪ್ಪಿಗೆಯಾಗಿ ಬಳಸಿಕೊಳ್ಳಲು ತಮ್ಮ ಸಂಸ್ಥೆಗೆ ಯಾವ ಅಧಿಕಾರವೂ ಇಲ್ಲ. ಆ ಕರೆಯ ಧ್ವನಿಮುದ್ರಿಕೆಯನ್ನು ಅಳಿಸದೆ ಕಾಯ್ದಿರಿಸಬೇಕೆಂದು ಈ ಪತ್ರದ ಮೂಲಕ ಲಿಖಿತವಾಗಿ ಕೋರುತ್ತಿದ್ದೇನೆ.

ಉಳಿದ ಹಣದ ಬಗ್ಗೆ ಕೇಳಿದಾಗ, ರೀಚಾರ್ಜ್ ಮಾಡಿದ ಹಣವನ್ನು ಹಿಂದಿರುಗಿಸುವ ಪದ್ಧತಿಯೇ ಇಲ್ಲ ಎಂಬ ಉತ್ತರ ಬಂದಿದೆ. ಜೂನ್ 2ರಂದು ಖಾತೆಯಲ್ಲಿ 74 ರೂಪಾಯಿ ಇತ್ತು, ಆನಂತರ ಕಡಿತವಾದ 612 ರೂಪಾಯಿ ಸೇರಿದರೆ 686 ರೂಪಾಯಿ. ತಮ್ಮ ಸಂಸ್ಥೆಯ ವಹಿವಾಟಿನ ಮುಂದೆ ಇದು ಲೆಕ್ಕಕ್ಕೆ ಬಾರದ ಮೊತ್ತವಿರಬಹುದು, ಆದರೆ ಅದು ನಮ್ಮ ಹಣ, ಪಡೆಯದ ಸೇವೆಗೆ ನಾವು ಕೊಡಬೇಕಾದದ್ದಲ್ಲ. ಬಾಕ್ಸ್‌ಗಳ ವಿಷಯದಲ್ಲೂ ಗೊಂದಲವಿದೆ. ಸಂಪರ್ಕ ಪಡೆಯುವಾಗ ನಾವು ಪೂರ್ತಿ ಹಣ ಕೊಟ್ಟಿದ್ದೇವೆ, ರಸೀದಿ ನನ್ನಲ್ಲಿದೆ. ಆದರೂ ಒಬ್ಬ ಸಿಬ್ಬಂದಿ ಅವು ಸಂಸ್ಥೆಯ ಸ್ವತ್ತೆಂದೂ, ಹಿಂದಿರುಗಿಸದಿದ್ದರೆ ಶುಲ್ಕ ಬೀಳುತ್ತದೆಂದೂ ಹೇಳಿದರೆ, ಮತ್ತೊಬ್ಬರು ಅವನ್ನು ತಾವು ತೆಗೆದುಕೊಂಡು ಹೋಗುವುದಿಲ್ಲ ಎಂದರು. ಒಂದು ಸಂಸ್ಥೆಯ ಬಾಕ್ಸ್ ಇನ್ನೊಂದು ಸಂಸ್ಥೆಯ ಸೇವೆಗೂ ಹೊಂದುವಂತಿರಬೇಕೆಂದು ಟ್ರಾಯ್ 2020ರಲ್ಲಿಯೇ ಶಿಫಾರಸು ಮಾಡಿತ್ತು. ಅದು ಜಾರಿಗೆ ಬಂದಿದ್ದರೆ ಇವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಬಹುದಿತ್ತು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಚಂದಾ ರದ್ದು ಮಾಡುವುದನ್ನು ಅಸಾಧ್ಯಗೊಳಿಸುವುದು ಅಥವಾ ಸುತ್ತುಬಳಸಿನ ದಾರಿಯಾಗಿಸುವುದು, ರದ್ದತಿಯ ಆಯ್ಕೆಯನ್ನು ಮರೆಮಾಡುವುದು ಆ ಪಟ್ಟಿಯಲ್ಲಿ ಚಂದಾ ಬಲೆ ಎಂಬ ಶೀರ್ಷಿಕೆಯಡಿ ಬರುತ್ತವೆ. ತಮ್ಮ ಆ್ಯಪ್‌ನ ರಚನೆಯೂ ಸಹಾಯವಾಣಿಯ ನಡವಳಿಕೆಯೂ ಈ ವಿವರಣೆಗೆ ಹೊಂದುತ್ತವೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಿಡಿ ಗ್ರಾಹಕರ ದೂರುಗಳನ್ನು ಟ್ರಾಯ್ ನೇರವಾಗಿ ವಿಚಾರಣೆ ಮಾಡುವುದಿಲ್ಲ, ಆದ್ದರಿಂದಲೇ ಸಹಾಯವಾಣಿಯ ಮೇಲಿನ ಹಂತವಾದ ತಮಗೆ ಬರೆಯುತ್ತಿದ್ದೇನೆ.

ತಾವು ಮಾಡಿಕೊಡಬೇಕಾದದ್ದು ಇಷ್ಟು. ನಮ್ಮ ಖಾತೆಯನ್ನು ಜೂನ್ 2ರಿಂದಲೇ ಅನ್ವಯವಾಗುವಂತೆ ಮುಚ್ಚಿ ಅದರ ಲಿಖಿತ ದೃಢೀಕರಣ ಕೊಡಬೇಕು. ತಾತ್ಕಾಲಿಕ ಸ್ಥಗಿತವೆಂದು ದಾಖಲಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪೂರ್ತಿ ಮುಚ್ಚದೆ ಬಿಟ್ಟ ಖಾತೆಯಲ್ಲೇ ಒಂದು ಕರೆಯಿಂದ ಪ್ಯಾಕನ್ನು ಮತ್ತೆ ಆರಂಭಿಸಲಾಗಿದೆ. 686 ರೂಪಾಯಿಯನ್ನು, ಅನುಮತಿಯಿಲ್ಲದ ಪ್ಯಾಕ್‌ಗೆ ಕಳೆದ ಹಣವನ್ನು ಮುರಿದುಕೊಳ್ಳದೆ, ಹಣ ಬಂದ ಬ್ಯಾಂಕ್ ಖಾತೆಗೇ ಜಮಾ ಮಾಡಬೇಕು. ತಾಯಿಯವರ ಮೊಬೈಲ್ ಸಂಖ್ಯೆಯನ್ನು ತಮ್ಮ ಎಲ್ಲ ಪಟ್ಟಿಗಳಿಂದ ತೆಗೆಯಬೇಕು, ನನ್ನ ಸಂಖ್ಯೆಗೂ ಮಾರಾಟದ ಕರೆಗಳು ಬರಬಾರದು. ಬಾಕ್ಸ್‌ಗಳು ಯಾರ ಸ್ವತ್ತೆಂಬುದನ್ನು ಬರಹದಲ್ಲಿ ತಿಳಿಸಬೇಕು. ತಮ್ಮವೇ ಎಂದಾದರೆ ಅವನ್ನೂ ತಾರಸಿಯ ಮೇಲೆ ತುಕ್ಕು ಹಿಡಿದು ನಿಂತಿರುವ ಡಿಶ್ಶನ್ನೂ ಯಾವ ಶುಲ್ಕವೂ ಇಲ್ಲದೆ ಬಿಚ್ಚಿಕೊಂಡು ಹೋಗಬೇಕು. ಬೋಲ್ಟ್ ಕಿತ್ತ ಜಾಗದಲ್ಲಿ ನೀರು ಇಳಿಯದಂತೆ ಸಿಮೆಂಟ್ ಮೆತ್ತಿಯೇ ಹೋಗಬೇಕು, ಮಳೆಗಾಲದಲ್ಲಿ ಅದು ನಮಗೆ ದೊಡ್ಡ ವಿಷಯ. ತಾಯಿಯವರಿಗೆ ಬಂದ ಕರೆಯ ಬಗ್ಗೆ ವಿಚಾರಣೆ ನಡೆಸಿ, ಅವರ ಹೆಸರಿಗೆ ಕನ್ನಡದಲ್ಲಿ ಒಂದು ಕ್ಷಮಾಪಣೆ ಪತ್ರ ಕಳುಹಿಸಬೇಕು. ಹಣಕ್ಕಿಂತಲೂ ಇದು ನನಗೆ ಮುಖ್ಯ.

ಈ ಪತ್ರ ತಲುಪಿದ 15 ದಿನಗಳ ಒಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯೂ ಇತ್ಯರ್ಥವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಮೇಲ್ ಪ್ರತಿ, ದೂರು ಸಂಖ್ಯೆಯ ಸಂದೇಶ, ಬ್ಯಾಂಕ್ ವಿವರಪಟ್ಟಿ, ಆ್ಯಪ್‌ನ ವಹಿವಾಟು ಪಟ್ಟಿ ಮತ್ತು 2014ರ ರಸೀದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಚಂದಾದಾರರ ಸಂಖ್ಯೆ ಮತ್ತು ವಿಳಾಸ ಲಗತ್ತುಗಳಲ್ಲಿವೆ. ದಯವಿಟ್ಟು ಉತ್ತರವನ್ನು ಬರಹದಲ್ಲಿ ಕಳುಹಿಸಿ, ಫೋನ್ ಮೂಲಕ ಬೇಡ.

ಇಂತಿ,
ತಮ್ಮ ಚಂದಾದಾರಳು