ಕೆಂಚಿಯನ್ನು ವಾಪಸು ತನ್ನಿ

ಉಟ್ರೆಕ್ಟ್
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ನಿಮ್ಮ ಪತ್ರ, ಸುಮಿಯ ರಕ್ತಪರೀಕ್ಷೆಯ ವರದಿ ಎರಡೂ ತಲುಪಿದವು. ‘ಟಾಕ್ಸೊಪ್ಲಾಸ್ಮಾ ಐಜಿಜಿ ಪಾಸಿಟಿವ್’ ಎಂಬುದಕ್ಕೆ ಕೆಂಪು ಗೆರೆ ಎಳೆದಿದ್ದೀರಿ. ಅದರ ಕೆಳಗಿನ ‘ಐಜಿಎಂ ನೆಗೆಟಿವ್’, ಅಂದರೆ ಹೊಸ ಸೋಂಕಿನ ಗುರುತಿಲ್ಲ ಎಂಬುದು, ಯಾರ ಕಣ್ಣಿಗೂ ಬಿದ್ದಿಲ್ಲ. ಐಜಿಜಿ ಎಂದರೆ ಆ ಪರೋಪಜೀವಿ ಎಂದೋ ಒಮ್ಮೆ ಮೈ ಹೊಕ್ಕಿತ್ತು ಎಂದು ರಕ್ತ ಬರೆದಿಟ್ಟುಕೊಂಡ ಲೆಕ್ಕ. ಅದು ಸಾಯುವವರೆಗೂ ಅಳಿಸುವುದಿಲ್ಲ. ನಿಮ್ಮ ರಕ್ತ ತೆಗೆದರೂ ಪಾಸಿಟಿವ್ ಬಂದೀತು! ಈಗ ಸುಮಿಯ ಕಣ್ಣು ಮಂಜಾದದ್ದು ಅದರಿಂದಲೇ ಎಂದು ಈ ಕಾಗದವೊಂದೇ ಹೇಳಲಾರದು.

ಇಲ್ಲಿನ ಪ್ರಯೋಗಾಲಯದಲ್ಲಿ ನನ್ನ ದಿನದ ಕೆಲಸವೇ ಇದು. ಅನುಮಾನ ಉಳಿದರೆ ಡಾಕ್ಟರು ಕಣ್ಣಿನ ಮುಂಭಾಗದಿಂದ ಸೂಜಿಯಲ್ಲಿ ಒಂದೆರಡು ಹನಿ ನೀರು ತೆಗೆದು ಕಳಿಸುತ್ತಾರೆ. ಕೊಳವೆಯಲ್ಲಿ ಇದೆಯೋ ಇಲ್ಲವೋ ಎಂದು ದೀಪಕ್ಕೆ ಹಿಡಿದು ನೋಡಬೇಕು, ಅಷ್ಟೇ ಇರುತ್ತದೆ. ಊದಿಕೊಂಡ ಕಣ್ಣಿನೊಳಗೆ ರಕ್ತದಲ್ಲಿರುವ ಐಜಿಜಿಯಂಥ ಪ್ರತಿಕಾಯಗಳೂ ಸೋರಿ ಬರುತ್ತವೆ, ಬೀದಿಯ ಗಲಾಟೆ ನಡುಮನೆಗೆ ಕೇಳಿಸಿದ ಹಾಗೆ. ಅದಕ್ಕೇ ಕಣ್ಣಿನ ನೀರಿನ ಲೆಕ್ಕವನ್ನು ರಕ್ತದ ಲೆಕ್ಕದಿಂದ ಭಾಗಿಸುತ್ತೇವೆ. ಗೋಲ್ಡ್‌ಮನ್-ವಿಟ್ಮರ್ ಗುಣಾಂಕ ಎಂದು ಅದರ ಹೆಸರು. ಉತ್ತರ 3 ದಾಟಿದರೆ ಜಗಳ ಮನೆಯೊಳಗಿನದೇ. ಸುಮಿಗೆ ಸೂಜಿ ಬೇಕಾಗಲಿಕ್ಕಿಲ್ಲ. ಕಣ್ಣಿನ ಒಳಪರದೆಯ ಮೇಲೆ ಹಳೆಯ ಕಲೆಯ ಪಕ್ಕದಲ್ಲಿ ಬಿಳಿ ಮಚ್ಚೆ ಕಂಡರೆ ನುರಿತವರು ನೋಡಿಯೇ ಹೇಳುತ್ತಾರೆ.

ಗಂಡಿನ ಕಡೆಯವರಿಗೆ ಅತ್ತೆ ‘ಹುಡುಗಿಗೆ ಮಗು ನಿಲ್ಲುವುದಿಲ್ಲ’ ಎಂದು ಹೇಳಿದರಂತೆ. ಅತ್ತೆಗೆ ಯಾವ ಕಾಲೇಜು ಡಿಗ್ರಿ ಕೊಟ್ಟಿತು? ಬಸುರಿಯಾಗಿದ್ದಾಗ ಮೊದಲ ಬಾರಿ ತಗುಲಿದರೆ ಮಗುವಿಗೆ ಅಪಾಯ. ಮೊದಲೇ ಬಂದು ಹೋದವರ ಮಗುವಿಗೆ ಸಾಮಾನ್ಯವಾಗಿ ಆ ಭಯವಿಲ್ಲ. ಒಬ್ಬರಿಂದ ಒಬ್ಬರಿಗೆ ಮುಟ್ಟಿದರೆ ಅಂಟುವುದೂ ಇಲ್ಲ. ಬೇಕಾದರೆ ಹುಡುಗನ ರಕ್ತವನ್ನೂ ಪರೀಕ್ಷೆ ಮಾಡಿಸಲಿ.

ಮಾಂಸ ಮುಟ್ಟದ ಮನೆಗೆ ಇದು ಹೇಗೆ ಬಂತು ಎಂದು ಕೇಳಿದ್ದೀರಿ. ಹಿತ್ತಲಿನ ಮಣ್ಣು, ತೊಳೆಯದ ಸೊಪ್ಪು, ಕುದಿಸದ ನೀರು ಇವೇ ಸಾಕು. ಇಲ್ಲಿನವರು ಹಸಿ ದನದ ಮಾಂಸವನ್ನು ನುಣ್ಣಗೆ ಅರೆದು ಬ್ರೆಡ್ಡಿಗೆ ಬೆಣ್ಣೆಯಂತೆ ಸವರಿಕೊಂಡು ತಿನ್ನುತ್ತಾರೆ. ನಮ್ಮ ಪ್ರಯೋಗಾಲಯದವರೂ ಬಿಟ್ಟಿಲ್ಲ! ನಾನು ಮುಟ್ಟಿಲ್ಲ, ಅಮ್ಮನಿಗೆ ಹೇಳಿ.

ಬೆಕ್ಕಿನಿಂದಲೇ ಬಂತೆಂದು ಕೆಂಚಿಯನ್ನು ಗೋಣಿಯಲ್ಲಿ ಕಟ್ಟಿ ಆನಂದಪುರದ ಸಂತೆಯಲ್ಲಿ ಬಿಟ್ಟು ಬಂದದ್ದು ಮಾತ್ರ ಸರಿಯಲ್ಲ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಎರಡು ವಾರದಷ್ಟು ಮಾತ್ರ ಮಲದಲ್ಲಿ ಇದನ್ನು ಹೊರಹಾಕುತ್ತದೆ. ಹನ್ನೊಂದು ವರ್ಷದ ಮುದುಕಿ ಅದು. ಇಲ್ಲಿ ಬೆಕ್ಕಿಗೂ ವಿಮೆ ಮಾಡಿಸುತ್ತಾರೆ ಅಪ್ಪ.

ಗಾಬರಿ ಬೇಡ. ಖಂಡಿತ ಗಾಬರಿ ಬೇಡ. ಇದಕ್ಕೆ ಔಷಧಿ ಇದೆ. ಆದರೆ ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ ಸ್ಟೀರಾಯ್ಡ್ ಎಂದು ಪೊಟ್ಟಣದ ಚಿತ್ರ ನೋಡಿದ ಮೇಲೆ ನನಗೆ ಊಟ ಸೇರಿಲ್ಲ. ಪರೋಪಜೀವಿಯ ಔಷಧಿ ಇಲ್ಲದೆ ಅದೊಂದನ್ನೇ ನುಂಗಿದರೆ ಕಣ್ಣು ಇನ್ನಷ್ಟು ಕೆಡುತ್ತದೆ. ನಾಳೆ ಬೆಳಗಿನ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಡಿ, ಮಾತ್ರೆಯ ಪೊಟ್ಟಣವನ್ನೂ ಒಯ್ಯಿರಿ. ಮಚ್ಚೆ ದೃಷ್ಟಿಯ ನಡುವಿಗೆ ಎಷ್ಟು ಹತ್ತಿರವಿದೆ ಎಂದು ಕೇಳಿ ನನಗೆ ತಿಳಿಸಿ. ಸುಮಿಯ ಎದುರಿಗೆ ಕೇಳಬೇಡಿ.

ನಲವತ್ತು ಸಾವಿರ ಹಾಕಿದ್ದೇನೆ. ಬಟ್ಟೆ ಯಂತ್ರದ ಸರದಿ ಬಂತು, ಕೆಳಗೆ ಓಡಬೇಕು.

ನಿಮ್ಮ ಮಗ,
ರಘು