ಮಗಳಿಗೊಂದು ಪತ್ರ: ಒಂದು ಮಳೆಗಾಲ ಬಂದು ನೋಡು

ಪ್ರೀತಿಯ ಕೂಸೇ,

ಬೆಂಗಳೂರಿನ ಕೆಲಸ ಬಿಟ್ಟು ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿಯುತ್ತೇನೆ ಅಂತ ನೀನು ಹೇಳಿದಾಗಿನಿಂದ ಮನೆಯಲ್ಲಿ ಅದೇ ಮಾತು. ನಿನ್ನಪ್ಪ ಸಂಬಳದ ಲೆಕ್ಕ ಹಾಕುತ್ತಾರೆ. ಅಜ್ಜಿ, "ಇಷ್ಟು ಓದಿಸಿದ್ದು ಇದಕ್ಕಾ?" ಅಂತಾರೆ. ನಾನಂತೂ ಬೇಡ ಅನ್ನುವುದಿಲ್ಲ. ಒಂದೇ ಒಂದು ಕೇಳಬೇಕು. ಆ ಕೆಲಸ ಇಷ್ಟವಾಗಿ ಬರ್ತಿದ್ದೀಯಾ, ಇಲ್ಲಾ ಈ ಕೆಲಸ ಸಾಕಾಗಿ ಬರ್ತಿದ್ದೀಯಾ?

ಬರೀ ಸಾಕಾಗಿದ್ದರೆ ಒಂದಷ್ಟು ದಿನ ರಜೆ ಹಾಕಿ ಬಂದು ಚೆನ್ನಾಗಿ ನಿದ್ದೆ ಮಾಡು. ಬೇಕಾದರೆ ಕಂಪನಿ ಬದಲಾಯಿಸು. ನಿಜವಾಗಿ ಇಷ್ಟವಾಗಿದ್ದರೆ, ಆ ಕೆಲಸದಲ್ಲಿ ಬೇಜಾರು ಹಿಡಿಸುವಂಥದ್ದು ಏನಿದೆಯೋ ಅದನ್ನೇ ಮೊದಲು ಮಾಡಿ ನೋಡು.

ಬಣ್ಣದ ಚೆಂದ ನನಗೂ ಗೊತ್ತು. ಅಡಿಕೆ ಬೇಯಿಸುವಾಗ ಚೊಗರು, ಅದೇ ಅಡಿಕೆ ಬೆಂದ ಕೆಂಪು ನೀರು, ಸಿಡಿದು ಹಾಳಾದ ನನ್ನ ಸೀರೆಗಳನ್ನು ನೀನೇ ನೋಡಿದ್ದೀಯಲ್ಲ, ಎಷ್ಟು ಒಗೆದರೂ ಕಲೆ ಹೋಗಲಿಲ್ಲ. ಅದೇ ಚೊಗರಲ್ಲಿ ಹತ್ತಿ ನೂಲು ಅದ್ದಿದರೆ ಕಂದುಗೆಂಪು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಹಾಕಿ, ಆ ರಸಕ್ಕೆ ಅದೇ ನೂಲು ಹಾಕಿದರೆ ಕಪ್ಪಿಗೆ ತಿರುಗುತ್ತೆ. ದಾಳಿಂಬೆ ಸಿಪ್ಪೆಯಿಂದ ಹಳದಿ. ನೋಡೋಕೆ ಯಾರಿಗೆ ಇಷ್ಟವಿಲ್ಲ ಹೇಳು!

ಆದರೆ ಅದಕ್ಕೂ ಮೊದಲು ನೂಲಿನ ಜಿಡ್ಡು ಹೋಗುವ ತನಕ ಬೇಯಿಸಿ ತೊಳೆಯಬೇಕು. ಹಂಡೆಯ ಮುಂದೆ ಹೊಗೆಯಲ್ಲಿ ನಿಂತು ನೂಲಿನ ಲಡಿಯನ್ನು ತಿರುಗಿಸ್ತಾನೇ ಇರಬೇಕು. ಸ್ವಲ್ಪ ಕೈ ಬಿಟ್ಟರೆ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು. ಹೋದ ಸಲದ ಬಣ್ಣವೇ ಈ ಸಲ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಮಗ್ಗದವರಿಗೋ ಅದೇ ಬೇಕು. ನಮ್ಮ ಕಡೆ ಮಳೆ ಹಿಡಿದರೆ ಒದ್ದೆ ನೂಲು ಒಣಗುವುದೇ ಇಲ್ಲ. ಅದಕ್ಕೇ ಹೇಳೋದು, ಚಳಿಗಾಲದ ಬಿಸಿಲಲ್ಲಿ ಬರಬೇಡ. ಜುಲೈನಲ್ಲಿ ಬಾ. ಕೈಯೆಲ್ಲ ಕಲೆಯಾಗಿ, ಬೆನ್ನು ನೋವು ಬಂದ ಮೇಲೂ ಮರುದಿನ ಬೆಳಿಗ್ಗೆ ಹಂಡೆ ಹತ್ತಿರ ಹೋಗಬೇಕು ಅನ್ನಿಸಿದರೆ, ನಿನ್ನಪ್ಪನನ್ನು ಒಪ್ಪಿಸುವ ಕೆಲಸ ನನ್ನದು.

ದುಡ್ಡಿನ ಮಾತು ಬಿಡೋಕಾಗಲ್ಲ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರನ್ನೇ ತಗೋ. 1949ರಲ್ಲಿ ಊರವರ ಜೊತೆ ಸೇರಿ ನೀನಾಸಂ ಅನ್ನೋ ನಾಟಕದ ಸಂಘ ಶುರುಮಾಡಿದರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಷ್ಟು ದೊಡ್ಡ ಕೆಲಸ ಮಾಡಿದವರು ಅಡಿಕೆ ಬೆಳೆಗಾರರೂ ಆಗಿದ್ದರು. ಅಲ್ಲೇ ಪಕ್ಕದ ಭೀಮನಕೋಣೆಯ ಚರಕ ಸಂಘ, ಸಹಜ ಬಣ್ಣದ ಕೈಮಗ್ಗಕ್ಕೆ ಅಷ್ಟು ಹೆಸರಾದದ್ದು, 2020ರಲ್ಲಿ ದುಡ್ಡಿಲ್ಲದೆ ಕಂಗಾಲಾಯಿತು. ಬಟ್ಟೆ ಚೆನ್ನಾಗಿದ್ದರೆ ಸಾಲದು, ಮಾರಾಟವೂ ಆಗಬೇಕು. ಹಾಗಾಗಿ ಮೊದಲು ಸಾಲದ ಕಂತು ಮುಗಿಸು. ಒಂದು ವರ್ಷದ ಖರ್ಚಿಗಾಗುವಷ್ಟು ಕೂಡಿಡು. ಊಟ, ಮನೆಗೆ ನಾವಿದ್ದೇವೆ, ಅದರ ಚಿಂತೆ ನಿನಗೆ ಬೇಡ.

ಇಷ್ಟು ವರ್ಷ ಕಲಿತದ್ದೆಲ್ಲ ನೀರಿಗೆ ಹೋಯ್ತು ಅಂತ ಯಾರಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡ. ಕೈಕೆಲಸದ ಚಿಕ್ಕ ಸಂಘಗಳಿಗೆ ಲೆಕ್ಕ ಇಡುವವರು, ಆರ್ಡರ್ ನೋಡಿಕೊಳ್ಳುವವರು, ಗಿರಾಕಿ ಜೊತೆ ಮಾತಾಡುವವರು ಬೇಕೇ ಬೇಕು. ಹಂಡೆಯ ಹತ್ತಿರ ನಿಲ್ಲುವುದಕ್ಕಿಂತ ಆ ಕೆಲಸವೇ ನಿನಗೆ ಹಿಡಿಸಲೂಬಹುದು. ಬಂದು ನೋಡದೆ ಅದು ಗೊತ್ತಾಗಲ್ಲ, ಅಲ್ವಾ?

ಜುಲೈನಲ್ಲಿ ರಜೆ ಕೇಳಿ ತಿಳಿಸು. ಬರುವಾಗ ಕಲೆಯಾದರೂ ಪರವಾಗಿಲ್ಲ ಅನ್ನುವ ಹಳೇ ಬಟ್ಟೆ ಜಾಸ್ತಿ ತಾ. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರೋ ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇಲ್ಲೇ ಇದೆ.

ನಿನ್ನ
ಅಮ್ಮ