ನನ್ನ ನೆಗೆಣ್ಣಿ ಮಾಡಿದ ಬಾಣಂತನ

ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ ಮುಗಿದಿದೆ, ಇನ್ನು ಶಾಲೆಗೆ ಹೋಗಬಹುದು ಎಂದು ವೈದ್ಯರು ಕಳೆದ ವಾರ ಒಪ್ಪಿಗೆ ಕೊಟ್ಟರು. ಮುಟ್ಟಿನ ಅತಿಸ್ರಾವದಲ್ಲಿ ನಾನು ವರ್ಷಗಳನ್ನು ಕಳೆದದ್ದು, ಕೊನೆಗೆ ಗರ್ಭಕೋಶವನ್ನೇ ತೆಗೆಸಬೇಕಾಗಿ ಬಂದದ್ದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಈ ಅವಧಿಯಲ್ಲಿ ನನ್ನನ್ನು ನೋಡಿಕೊಂಡವರಿಗೆ, ಮುಖ್ಯವಾಗಿ ನನಗೆ ಉಣ್ಣಲು ಇಟ್ಟವರಿಗೆ, ಎದುರಿಗೆ ನಿಂತು ಹೇಳಲು ಸಂಕೋಚವಾಗುವ ಮಾತುಗಳನ್ನು ಇಲ್ಲಿ ಹೇಳುತ್ತಿದ್ದೇನೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆಗೆ, ರಾತ್ರಿಪಾಳಿಯ ದಾದಿಯರಿಗೆ, ರಕ್ತ ಕೊಟ್ಟ ಹಳೆಯ ವಿದ್ಯಾರ್ಥಿಗಳಿಗೆ, ನನ್ನ ತರಗತಿಗಳನ್ನು ಹಂಚಿಕೊಂಡು ಉತ್ತರಪತ್ರಿಕೆಗಳನ್ನೂ ತಿದ್ದಿಕೊಟ್ಟ ಸಹೋದ್ಯೋಗಿಗಳಿಗೆ, ವಿದ್ಯಾನಗರದ ನಮ್ಮ ಬೀದಿಯಿಂದ ಸರದಿಯ ಮೇಲೆ ಸಾರು ಪಲ್ಯ ಕಳಿಸಿದವರಿಗೆ, ರಜೆ ಹಾಕಿ ಮನೆಯಲ್ಲಿ ನಿಂತು ಮಗಳಿಗೆ ಜಡೆ ಹಾಕುವುದನ್ನೂ ಕಲಿತ ನನ್ನ ಯಜಮಾನರಿಗೆ ನಾನು ಋಣಿ. ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಪುಟ ಬರೆಯಬಹುದಿತ್ತು. ಆದರೆ ಈ ಬರಹದ ಬಹುಪಾಲು ನನ್ನ ನೆಗೆಣ್ಣಿಗೆ ಸಲ್ಲಬೇಕಾಗಿದೆ; ಉಳಿದವರು ಬೇಸರಿಸಿಕೊಳ್ಳುವುದಿಲ್ಲವೆಂದು ನಂಬಿದ್ದೇನೆ.

ಅವರು ನನ್ನ ಭಾವನವರ ಹೆಂಡತಿ. ನಾನು ಕರೆಯುವುದು ಅಕ್ಕ ಎಂದು. ಹೆಸರು ಹಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಿರುವುದರಿಂದ ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ. ಅವರ ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಭದ್ರಾ ನಾಲೆಯ ನೀರು ಕಂಡ ನಮ್ಮ ಕಡೆಯವರು ಅನ್ನಕ್ಕೆ ಒಗ್ಗಿಹೋಗಿದ್ದರೆ, ಮಳೆಯನ್ನೇ ನೆಚ್ಚಿದ ಆ ಸೀಮೆಯಿಂದ ಬಂದ ಅಕ್ಕನಿಗೆ ರಾಗಿ, ನವಣೆ, ಜೋಳದ ನುಚ್ಚಿನ ಮೇಲೆಯೇ ಭರವಸೆ. ನೆಗೆಣ್ಣಿಯರೆಂದರೆ ಜಗಳಕ್ಕೇ ಹುಟ್ಟಿದವರೆಂದು ಊರು ನಂಬಿದೆ. ಮನೆ ಭಾಗವಾದ ಹೊಸತರಲ್ಲಿ ನಮ್ಮ ನಡುವೆಯೂ ಮಾತು ಕಡಿಮೆಯಾಗಿದ್ದುದು ನಿಜ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರು ಯಾರೂ ಕರೆಯದೆಯೇ ಬಟ್ಟೆಯ ಚೀಲ ಹಿಡಿದು ಬಂದು, "ಗಂಡಸರಿಂದ ಆಗೋ ಕೆಲಸಲ್ಲ ಇದು, ನಾನಿರ್ತೀನಿ" ಎಂದರು.

ಆಸ್ಪತ್ರೆಯ ರಾತ್ರಿಗಳಲ್ಲಿ ಒಂದು ಮಾತ್ರ ಮರೆಯುವಂಥದ್ದಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅರಿವಳಿಕೆಯಿಂದಲೂ ನೋವಿನ ಔಷಧಿಗಳಿಂದಲೂ ಕರುಳು ಮಂದವಾಗುತ್ತದೆ, ಅದು ಮತ್ತೆ ಚುರುಕಾಗುವವರೆಗೆ ಗಾಳಿ ಒಳಗೇ ಸಿಕ್ಕಿಕೊಂಡು ಕಾಡುತ್ತದೆ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ತಿಳಿದಿದ್ದರೇನು, ಹೊಟ್ಟೆ ತಮಟೆಯಂತೆ ಬಿಗಿದು, ಮಲಗಲೂ ಆಗದೆ ಕೂರಲೂ ಆಗದೆ ಒದ್ದಾಡುವಾಗ ಆ ತಿಳಿವಳಿಕೆ ಯಾವ ಉಪಯೋಗಕ್ಕೂ ಬರಲಿಲ್ಲ. ದಾದಿಯರು ಬಂದಾಗಲೆಲ್ಲ "ಗಾಳಿ ಹೋಯ್ತಾ ಮೇಡಂ?" ಎಂದು ಕೇಳುತ್ತಿದ್ದರು, ಹತ್ತನೆಯ ತರಗತಿಯ ಮಕ್ಕಳನ್ನು ಒಂದು ನೋಟದಲ್ಲಿ ಸುಮ್ಮನಿರಿಸುವ ನಾನು ಈ ಪ್ರಶ್ನೆಗೆ ತಲೆ ತಗ್ಗಿಸಿ ಇಲ್ಲವೆನ್ನುತ್ತಿದ್ದೆ. ಅಕ್ಕ ಪಾಳಿಯ ವೈದ್ಯರನ್ನು ಹುಡುಕಿಕೊಂಡು ಹೋಗಿ, ನಡೆಸಬಹುದೇ ಎಂದು ಕೇಳಿ, ಒಪ್ಪಿಗೆ ಪಡೆದು ಬಂದು, ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸಿ ಎಬ್ಬಿಸಿದರು. ವಾರ್ಡಿನ ಉದ್ದಕ್ಕೂ ನನ್ನ ಭಾರವನ್ನೆಲ್ಲ ತಮ್ಮ ಹೆಗಲಿಗೆ ತೆಗೆದುಕೊಂಡು ಹೆಜ್ಜೆ ಹಾಕಿಸಿದರು, ಕೂರಿಸಿದರು, ಮತ್ತೆ ಎಬ್ಬಿಸಿದರು.

ಆಗ ನನಗೆ ಅಳು ಬಂತು. ನೋವಿಗಲ್ಲ. ವರ್ಷಗಟ್ಟಲೆ ಶಪಿಸಿದ ಅಂಗ ಅದು. ಇನ್ನೊಂದು ಮಗು ಬೇಕೆಂಬ ಆಸೆಯೂ ನನಗಿರಲಿಲ್ಲ. ಆದರೂ ನನ್ನ ಮೈಯೊಳಗಿನದೊಂದನ್ನು ನನ್ನನ್ನು ಕೇಳದೆ ಒಯ್ದರು ಎಂಬ ಸಿಟ್ಟು ನೆತ್ತಿಗೇರಿತ್ತು, ಕಾಗದಕ್ಕೆ ಸಹಿ ಹಾಕಿದವಳು ನಾನೇ ಆಗಿದ್ದರೂ. ನೋಡಲು ಬಂದವರೊಬ್ಬರು "ಪೀಡೆ ಕಳೀತು ಬಿಡು" ಎಂದು ಹೋಗಿದ್ದರು. ಆ ಮಾತು ಎಲ್ಲಿ ಚುಚ್ಚಿತ್ತೆಂದು ಆ ಹೊತ್ತಿನಲ್ಲಿ ಗೊತ್ತಾಯಿತು. ಅಕ್ಕ ಸಮಾಧಾನ ಹೇಳಲಿಲ್ಲ. ಮಂಚದ ಮೇಲಿನ ದಿಂಬು ತಂದು ನನ್ನ ಹೊಟ್ಟೆಗೆ ಇಟ್ಟು, "ಅಳಂಗಿದ್ರೆ ಅಳು, ಆದ್ರೆ ಇದನ್ನ ಒತ್ತಿ ಹಿಡ್ಕಂಡು ಅಳು, ಹೊಲಿಗಿ ಜಗ್ಗತಾವೆ" ಎಂದರು. ಕೆಮ್ಮುವಾಗ, ಸೀನುವಾಗ ಹೀಗೆ ಮಾಡಬೇಕೆಂದು ದಾದಿ ಹೇಳಿದ್ದನ್ನು ಅವರು ಅಳುವುದಕ್ಕೂ ಅನ್ವಯಿಸಿದ್ದರು. ಅಷ್ಟು ಸರಿಯಾದ ಮಾತನ್ನು ಆ ದಿನಗಳಲ್ಲಿ ಬೇರೆ ಯಾರೂ ನನಗೆ ಹೇಳಲಿಲ್ಲ. ಬೆಳಗಿನ ಜಾವಕ್ಕೆ ಗಾಳಿ ಹೋಯಿತು. ದಾದಿ ಬರುವ ಮೊದಲೇ ಅಕ್ಕ ಹೋಗಿ ಆ ಸುದ್ದಿಯನ್ನು ಇಡೀ ವಾರ್ಡಿಗೆ ಕೇಳುವಂತೆ ತಿಳಿಸಿಬಂದರು.

ಮನೆಗೆ ಬಂದ ಮೇಲೆ ಅತ್ತೆಯವರು ಬಾಣಂತಿಗೆ ಮಾಡುವ ಆರೈಕೆಯನ್ನೇ ಮಾಡಬೇಕೆಂದು ಹಟ ಹಿಡಿದರು. ಎಪ್ಪತ್ತು ದಾಟಿದ ಜೀವ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಪದ್ಧತಿಯಲ್ಲಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರಿಗೆ ತಡೆ, ನಂಜಾಗುತ್ತದೆಂದು ತರಕಾರಿಗೂ ಹಣ್ಣಿಗೂ ತಡೆ; ನನ್ನ ಸ್ಥಿತಿಗೆ ಬೇಕಾಗಿದ್ದುದು ಇವೆರಡೇ. ಹೊಲಿಗೆ ಹಸಿಯಾಗಿರುವಾಗ ಮಲಬದ್ಧತೆಯಾಗಿ ಮುಕ್ಕುವಂತಾಗಬಾರದು, ಅದಕ್ಕೆ ನಾರು ಮತ್ತು ನೀರು ಎರಡೂ ಬೇಕು, ರಕ್ತಕ್ಕೆಂದು ಕೊಡುವ ಕಬ್ಬಿಣದ ಮಾತ್ರೆಯೇ ಮಲವನ್ನು ಗಟ್ಟಿಮಾಡುವುದರಿಂದ ಇನ್ನಷ್ಟು ಬೇಕು ಎಂದು ವೈದ್ಯೆ ಹೇಳಿಕಳಿಸಿದ್ದರು. ಅಕ್ಕ ಅತ್ತೆಯವರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಮೆಣಸು ಜೀರಿಗೆಯ ಸಾರು, ಮೆತ್ತಗಿನ ಅನ್ನ, ಬೆಳ್ಳುಳ್ಳಿ, ಒಂದು ಚಮಚ ತುಪ್ಪ, ಅಳವಿಯ ಗಂಜಿ, ಇವನ್ನೆಲ್ಲ ಅತ್ತೆಯವರ ಕೈಯಿಂದಲೇ ಮಾಡಿಸಿ ಉಳಿಸಿಕೊಂಡರು. ಅಂಟಿನುಂಡೆಯನ್ನು ನಿಂಬೆಹಣ್ಣಿನಷ್ಟರಿಂದ ನೆಲ್ಲಿಕಾಯಿಯಷ್ಟಕ್ಕೆ ಇಳಿಸಿದರು. ಕುದಿಯುವ ನೀರಿನ ಎರೆತವನ್ನು ಹೊಲಿಗೆ ಮಾಯುವವರೆಗೆ ಮುಂದಕ್ಕೆ ಹಾಕಿದರು. ನೀರನ್ನು ಮಾತ್ರ ಜೀರಿಗೆ ಹಾಕಿ ಕುದಿಸಿ, "ಇದು ಕಷಾಯ" ಎಂದು ತಂಬಿಗೆಗಟ್ಟಲೆ ಕುಡಿಸಿದರು. ಅತ್ತೆಯವರಿಗೂ ಅದು ತಿಳಿಯದೆ ಇರಲಿಲ್ಲ ಎಂದು ನನ್ನ ಊಹೆ.

ನಮ್ಮದು ಮಾಂಸ, ಮೊಟ್ಟೆ ತಿನ್ನುವ ಮನೆಯಲ್ಲ. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕೆಂದಾಗ ಅಕ್ಕ ಪುಡಿಯ ಡಬ್ಬಿ ತರಿಸಲು ಒಪ್ಪದೆ, ನವಣಕ್ಕಿಗೆ ಹೆಸರುಬೇಳೆ ಬೆರೆಸಿದ ಹುಗ್ಗಿ, ಹಾಲು, ಮೊಸರುಗಳಲ್ಲೇ ದಾರಿ ಕಂಡುಕೊಂಡರು. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆಂದು ನಾನು ಓದಿ ಹೇಳಿದಾಗ, "ಅದುಕ್ಕೇ ಅಲ್ವೇನು ಹಾಕಿರೋದು" ಎಂದುಬಿಟ್ಟರು. ಗಾಳಿ ತುಂಬಿಸುತ್ತವೆಂದು ಕಡಲೆಹಿಟ್ಟು, ಆಲೂಗಡ್ಡೆ, ಎಲೆಕೋಸು ಮೊದಮೊದಲು ಅಡುಗೆಮನೆಗೇ ಬರಲಿಲ್ಲ. ಸಂಜೆಯಾದರೆ ಬೀದಿಯ ತುದಿಯಿಂದ ಮಿರ್ಚಿ ಕರಿಯುವ ವಾಸನೆ ಬರುವ ಈ ದಾವಣಗೆರೆಯಲ್ಲಿ, ಖಾರ ಮಂಡಕ್ಕಿ ತಿನ್ನುತ್ತಿದ್ದ ಮಕ್ಕಳನ್ನು ನೋಡುತ್ತ ಅಂಬಲಿ ಕುಡಿಯುವುದು ಎಂಥ ಪರೀಕ್ಷೆಯೆಂದು ಊರಿನವರಿಗೆ ವಿವರಿಸಬೇಕಿಲ್ಲ.

ರಕ್ತದ ವಿಷಯಕ್ಕೆ ಅವರು ತೆಗೆದುಕೊಂಡ ಶ್ರಮವನ್ನಂತೂ ನಾನು ಹತ್ತಿರದಿಂದ ನೋಡಿದ್ದೇನೆ. ಹೆಂಗಸರಿಗೆ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12 ಗ್ರಾಂ ಇರಬೇಕು. ಅತಿಸ್ರಾವದಲ್ಲಿ ವರ್ಷಗಳನ್ನು ಕಳೆದವರು ಅದರ ಹತ್ತಿರಕ್ಕೂ ಬಂದಿರುವುದಿಲ್ಲ. ಹಿತ್ತಿಲಿನ ನುಗ್ಗೆಯಿಂದ ಸೊಪ್ಪಿನ ಕಡ್ಡಿಗಳನ್ನು ಸಂಜೆಯೇ ಮುರಿದು ತಂದು ಹಳೆಯ ಪಂಚೆಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಗ್ಗೆ ಕೊಡವಿದಾಗ ಎಲೆಗಳೆಲ್ಲ ತಾವಾಗಿ ಉದುರಿರುತ್ತಿದ್ದವು. ಅದನ್ನು ಬೇಳೆಯೊಡನೆ ಪಲ್ಯ ಮಾಡಿ, ತಟ್ಟೆಗೆ ಹಾಕಿದ ಮೇಲೆ ನಿಂಬೆಹಣ್ಣು ಹಿಂಡುತ್ತಿದ್ದರು, ಏಕೆಂದರೆ ಹುಳಿಯಲ್ಲಿರುವ ಸಿ ಜೀವಸತ್ವ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅದು ಹತ್ತುವುದಿಲ್ಲವೆಂದು ವೈದ್ಯೆಯಿಂದ ಕೇಳಿದ ಅಕ್ಕ, ನನ್ನ ಊಟವಾಗಿ ಒಂದು ತಾಸು ಕಳೆಯುವವರೆಗೆ ಇಡೀ ಮನೆಯವರಿಗೆ ಚಹಾ ಮಾಡುತ್ತಿರಲಿಲ್ಲ; ಇದರಿಂದ ಹೆಚ್ಚು ಬಳಲಿದವರು ನಮ್ಮ ಯಜಮಾನರು. ಅಂಡಾಶಯಗಳನ್ನೂ ತೆಗೆದಿದ್ದರಿಂದ ಮೂಳೆ ಬೇಗ ಸವೆಯುವ ಭಯವಿತ್ತು. ಅದಕ್ಕೆ ವೈದ್ಯೆ ಬರೆದುಕೊಟ್ಟ ಮಾತ್ರೆಗಳ ಜೊತೆಗೆ ಅಕ್ಕನ ರಾಗಿ ಅಂಬಲಿ ಇಂದಿಗೂ ನಡೆದಿದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದು ಸಣ್ಣ ಮಾತಲ್ಲ. ಮಾತ್ರೆ ಬಿಟ್ಟು ಅಂಬಲಿಯೊಂದನ್ನೇ ನಂಬು ಎಂದು ಬಂದವರೊಬ್ಬರು ಹೇಳಿದಾಗ ಅವರನ್ನು ನಯವಾಗಿ ಬಾಗಿಲವರೆಗೆ ಕಳಿಸಿಕೊಟ್ಟವರೂ ಅಕ್ಕನೇ.

ಈಗ ಅವರು ತಮ್ಮ ಮನೆಗೆ ಹಿಂತಿರುಗಿದ್ದಾರೆ. ಕೊಡಪಾನ ಎತ್ತಬಾರದು, ಬಗ್ಗಿ ನೆಲ ಒರೆಸಬಾರದು ಎಂಬ ಆಜ್ಞೆ ಮಾತ್ರ ಫೋನಿನಲ್ಲಿ ದಿನವೂ ಬರುತ್ತದೆ. ಸೀರೆ ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿರುವುದರಿಂದ, ಅವರ ಕಿರಿಮಗನ ಗಣಿತವನ್ನು ಈ ವರ್ಷ ನಾನೇ ನೋಡಿಕೊಳ್ಳುತ್ತೇನೆಂದು ಇಲ್ಲಿ ಎಲ್ಲರ ಮುಂದೆ ಬರೆದಿಡುತ್ತಿದ್ದೇನೆ. ಇಲ್ಲವೆನ್ನಲು ಅವರಿಗೆ ದಾರಿಯಿಲ್ಲ.

ಬೀದಿಯವರಲ್ಲಿ ಒಂದು ವಿನಂತಿ. ಹೆಸರು ಕೆತ್ತಿಸಿದ ಪಾತ್ರೆಗಳು ಅವರವರ ಮನೆ ಸೇರಿವೆ. ಹೆಸರಿಲ್ಲದ ಎರಡು ಸ್ಟೀಲ್ ಡಬ್ಬಿ ಮತ್ತು ಹಿಡಿ ಸಡಿಲವಾದ ಒಂದು ತೂಗುಡಬ್ಬಿ ನಮ್ಮಲ್ಲೇ ಉಳಿದಿವೆ. ಯಾರದೆಂದು ತಿಳಿಸಿದರೆ, ಖಾಲಿ ಕೊಡಬಾರದಾದ್ದರಿಂದ, ಶೇಂಗಾ ಉಂಡೆ ತುಂಬಿಸಿ ಮಗಳ ಕೈಯಲ್ಲಿ ಕಳಿಸುತ್ತೇನೆ.